ಸತ್ತ ಮೇಷ್ಟ್ರ ತಿದ್ದುಪಡಿ

"ತೈಸ್ತೊ ಮೇಷ್ಟ್ರು ತೀರಿಕೊಂಡು ತಿಂಗಳಾಯ್ತು. ಆದ್ರೂ ನಮ್ಮ ಲೆಕ್ಕ ತಿದ್ತಾನೇ ಇದಾರೆ!"

ವಿದ್ಯಾರ್ಥಿನಿ ವೆನ್ಲಾ ಹೀಗೆಂದಾಗ ಐಲಿ ಕಾಫಿ ಲೋಟ ಕೆಳಗಿಟ್ಟಳು. ಪೊಲೀಸ್ ಕೆಲಸದಿಂದ ನಿವೃತ್ತಳಾದರೂ ಪತ್ತೇದಾರಿಕೆ ಬಿಡದ ಗೆಳತಿ ಹಿಲ್ಪಾ ಮಾತ್ರ ಏಲಕ್ಕಿ ಬನ್ನು ಮುರಿಯುತ್ತ ಕೂತಿದ್ದಳು. ದೂರದ ಉತ್ತರದ ಅವರ ಊರು ಕಾಯಾನಿಯಲ್ಲಿ ನವೆಂಬರಿನಲ್ಲಿ ಮಧ್ಯಾಹ್ನವೇ ಕತ್ತಲು. ಅಂಥ ಹೊತ್ತಿನಲ್ಲಿ ಸತ್ತವರ ಸುದ್ದಿ ಐಲಿಗೆ ಬೇಡವಾಗಿತ್ತು.

ಶಾಲೆಯ ಆನ್‌ಲೈನ್ ಪುಟದಲ್ಲಿ ಮಕ್ಕಳು ಸಮೀಕರಣ ಟೈಪ್ ಮಾಡುವ ಎಡಿಟರ್ ತೆರೆದು ಲೆಕ್ಕ ಬಿಡಿಸಿದರೆ, ಕೆಳಗೆ ತೈಸ್ತೊ ಹೆಸರಿನಲ್ಲೇ ತಿದ್ದುಪಡಿ ಬರುತ್ತಿತ್ತು. ಅವರ ಪಾಸ್‌ವರ್ಡ್ ಗೊತ್ತಿದ್ದವಳು, ಪುಟದ ಕೆಲಸದಲ್ಲಿ ಅವರಿಗೆ ನೆರವಾಗುತ್ತಿದ್ದ ವೆನ್ಲಾ ಒಬ್ಬಳೇ.

"ನಾನೇ ಅವರ ಖಾತೆಗೆ ಕದ್ದು ನುಗ್ಗಿದೀನಂತೆ. ವಸಂತದ ಪರೀಕ್ಷೆಗೆ ಕೂರಿಸಲ್ಲ ಅಂತಾರೆ ಪ್ರಿನ್ಸಿಪಾಲರು," ಎಂದು ಹುಡುಗಿ ಅತ್ತಳು. "ಮೇಷ್ಟ್ರ ಮನೇಲಿ ದೀಪಾನೇ ಹಚ್ಚಲ್ಲ, ಒಳಗಿಂದ ಗಂಡಸಿನ ದನಿ ಬರುತ್ತೆ ಅಂತಾರೆ ಪಕ್ಕದವರು."

ಹಿಲ್ಪಾ ಪುಟವನ್ನು ಮೇಲಿಂದ ಕೆಳಗೆ ನೋಡಿದಳು. "ಐಲಿ, ಇಲ್ನೋಡೇ. ಎಡಿಟರ್‌ನಲ್ಲಿ ಬರೆದದ್ದನ್ನೆಲ್ಲ ತಿದ್ದಿದೆ. ಕಾಗದದಲ್ಲಿ ಗೀಚಿ ಫೋಟೊ ಅಂಟಿಸಿದ ಸೋಮಾರಿಗಳದ್ದು ಒಂದನ್ನೂ ಮುಟ್ಟಿಲ್ಲ."

"ದೆವ್ವಕ್ಕೆ ಕೈಬರಹ ಓದಕ್ಕೆ ಬರಲ್ವೇನೇ?"

"ಅದನ್ನೇ ನಾಳೆ ಹೋಗಿ ಕೇಳೋಣ."

ಮರುದಿನ ಪ್ರಿನ್ಸಿಪಾಲ್ ರೌತಿಯೊ ಅವರನ್ನೂ ಕರೆದುಕೊಂಡು ಮೂವರೂ ತೈಸ್ತೊ ಮನೆಗೆ ಹೋದರು. ಮೇಷ್ಟ್ರ ಹೆಂಡತಿ ಸೈಮಿ ಕತ್ತಲಲ್ಲೇ ಬಾಗಿಲು ತೆರೆದಳು. ಒಳಕೋಣೆಯಲ್ಲಿ ಗಂಡು ದನಿಯೊಂದು ಒಂದೇ ಸಮನೆ ಹೇಳುತ್ತಿತ್ತು: "ಎಕ್ಸ್ ವರ್ಗ, ಭಾಗಿಸು ಮೂರು..." ಐಲಿ ಹಿಲ್ಪಾಳ ತೋಳು ಹಿಡಿದುಕೊಂಡಳು.

ಹಿಲ್ಪಾ ದೀಪ ಹಾಕಿದಳು. ಕುರ್ಚಿ ಖಾಲಿಯಿತ್ತು, ಮಾತಾಡುತ್ತಿದ್ದುದು ಕಂಪ್ಯೂಟರ್.

"ಎಡಿಟರ್‌ನಲ್ಲಿ ಬರೆದ ಸಮೀಕರಣಾನ ಯಂತ್ರ ಗಟ್ಟಿಯಾಗಿ ಓದುತ್ತೆ. ಫೋಟೊ ಅದಕ್ಕೆ ಬರೀ ಚಿತ್ರ, ಓದಕ್ಕಾಗಲ್ಲ. ಅಂದ್ರೆ ತಿದ್ದಿದವರು ಕಣ್ಣಲ್ಲಿ ನೋಡ್ತಿಲ್ಲ, ಕಿವೀಲಿ ಕೇಳ್ತಿದಾರೆ. ದೀಪಾನೂ ಬೇಕಿಲ್ಲ. ವೆನ್ಲಾ ಆಗಿದ್ರೆ ಫೋಟೊನೂ ತಿದ್ತಿದ್ಲು. ಮೇಷ್ಟ್ರ ಕಂಪ್ಯೂಟರಿನಲ್ಲಿ ಅವರ ಖಾತೆ ತೆರೆದೇ ಇತ್ತು, ಪಾಸ್‌ವರ್ಡ್ ಯಾಕೆ ಬೇಕು?" ಎಂದು ಹಿಲ್ಪಾ ಸೈಮಿಯ ಕಡೆ ತಿರುಗಿದಳು.

"ಆದ್ರೆ ಸೈಮಿಗೆ ಲೆಕ್ಕ..." ರೌತಿಯೊ ತಡವರಿಸಿದರು.

"ಕಣ್ಣು ಹೋದಾಗ ಲೆಕ್ಕ ಕಲಿಸೋ ಕೆಲಸ ಬಿಟ್ಟೆ, ಲೆಕ್ಕ ಬಿಡಲಿಲ್ಲ," ಎಂದಳು ಸೈಮಿ. "ತೈಸ್ತೊ ಓದೋರು, ನಾನು ತಪ್ಪು ಹೇಳ್ತಿದ್ದೆ, ಅವರು ಟೈಪ್ ಮಾಡೋರು. ಅವರು ಹೋದ ಮೇಲೆ ಮನೆ ಮೂಕವಾಯ್ತು. ಅದಕ್ಕೇ ಈ ಯಂತ್ರದ ಕೈಲಿ ಓದಿಸಿ, ತಡಕಾಡಿ ನಾನೇ ಟೈಪ್ ಮಾಡ್ತಿದ್ದೆ. ಈ ಮಗೂಗೆ ತೊಂದರೆಯಾಗಿದ್ದು ದೇವರಾಣೆ ಗೊತ್ತಿರಲಿಲ್ಲ."

"ವೆನ್ಲಾ ಪರೀಕ್ಷೆಗೆ ಕೂರಬಹುದು," ಎಂದರು ರೌತಿಯೊ ತಲೆ ತಗ್ಗಿಸಿ. "ಆದ್ರೆ ಖಾತೆ ಇವತ್ತೇ ಮುಚ್ಚಬೇಕು."

ಅವರೇ ಗುಂಡಿ ಒತ್ತಿದರು. ದನಿ ಅರ್ಧಕ್ಕೇ ನಿಂತಿತು. ಗಂಡ ಎರಡನೇ ಸಲ ಸತ್ತನೇನೋ ಎಂಬಂತೆ ಸೈಮಿ ಕುಸಿದು ಕೂತಳು. ಐಲಿಗೆ ಅಳು ತಡೆಯಲಾಗಲಿಲ್ಲ.

ವೆನ್ಲಾ ಆ ಖಾಲಿ ಕುರ್ಚಿಯಲ್ಲಿ ಕೂತು ತನ್ನದೇ ಖಾತೆಯಲ್ಲಿ ತನ್ನ ಲೆಕ್ಕ ತೆರೆದಳು. ಸೈಮಿಗೆ ಕೇಳುವಂತೆ ಗಟ್ಟಿಯಾಗಿ ಓದತೊಡಗಿದಳು.

"ನಿಲ್ಲು ಮಗೂ," ಸೈಮಿ ತಲೆಯೆತ್ತಿದಳು. "ಆ ಸಾಲು ಇನ್ನೊಂದ್ಸಲ ಓದು."