ರಜೆಯ ದಿನದ ಫೋನು

"ಆಗಲ್ಲ."

ಹಲೋ ಇಲ್ಲ, ಯಾರು ಎಂಬ ಪ್ರಶ್ನೆಯೂ ಇಲ್ಲ. ಕಡ್ಡಿ ಮುರಿದ ಹಾಗೆ ಒಂದೇ ಮಾತು.

"ಕ್ಯಾಪ್ಟನ್, ನಾನಿನ್ನೂ ಏನೂ ಕೇಳೇ ಇಲ್ವಲ್ಲ," ಎಂದಳು ಅವಳು, ದನಿಯಲ್ಲಿ ಇದ್ದಬದ್ದ ನಯವನ್ನೆಲ್ಲ ಸುರಿದು.

"ರಜೆ ದಿನ ಬೆಳಗ್ಗೆ ಬೆಳಗ್ಗೆ ನೀವು ಫೋನ್ ಮಾಡೋದು ನನ್ನ ಕ್ಷೇಮ ಸಮಾಚಾರ ವಿಚಾರಿಸೋಕಲ್ಲ. ಮಧ್ಯಾಹ್ನದ ಫ್ಲೈಟಿಗೆ ಪೈಲಟ್ ಇಲ್ಲ, ಅಷ್ಟೇ ತಾನೆ? ನಾನು ಬರಲ್ಲ. ಇನ್ನೇನಾದ್ರೂ ಇದೆಯಾ?"

"ಇದೆ. ನಿಮ್ಮನ್ನ ಹೆತ್ತವರಿಗೆ ನನ್ನದೊಂದು ನಮಸ್ಕಾರ ತಿಳಿಸಿ. ಇಷ್ಟು ವರ್ಷ ಹೇಗೆ ಸಹಿಸ್ಕೊಂಡ್ರೋ ಪಾಪ!"

"ತಿಳಿಸ್ತೀನಿ," ಎಂದು ಅವನು ಫೋನಿಟ್ಟ.

ಅವಳು ರಿಸೀವರನ್ನು ಕುಕ್ಕಿದ ಸದ್ದಿಗೆ ಪಕ್ಕದ ಡೆಸ್ಕಿನ ಹಿರಿಯರು ಕಡಲೆಬೀಜ ತಿನ್ನುವುದನ್ನು ನಿಲ್ಲಿಸಿ ನೋಡಿದರು. "ಆಗಲ್ಲ ಕ್ಯಾಪ್ಟನ್ನಾ?" ಎಂದರು. ಉತ್ತರ ಬೇಕಿರಲಿಲ್ಲ, ಮತ್ತೆ ಕಡಲೆಬೀಜಕ್ಕೆ ಕೈ ಹಾಕಿದರು.

ವಿಮಾನ ಕಂಪನಿಯ ರೋಸ್ಟರ್ ಡೆಸ್ಕು ಅವಳದು. ಯಾವ ಫ್ಲೈಟಿಗೆ ಯಾವ ಪೈಲಟ್ ಎಂದು ಹೊಂದಿಸುವ ಕೆಲಸ. ಹೊಂದಿಸುವುದು ಅನ್ನುವುದಕ್ಕಿಂತ ತೇಪೆ ಹಚ್ಚುವುದು ಅಂದರೆ ಸರಿ. ವಿಮಾನಗಳು ಹೆಚ್ಚುತ್ತ ಹೋದವು, ಪೈಲಟ್‌ಗಳು ಹೆಚ್ಚಲಿಲ್ಲ. ಯಾರಿಗಾದರೂ ಜ್ವರ ಬಂದು, ತುರ್ತಿಗೆಂದು ಸ್ಟ್ಯಾಂಡ್‌ಬೈ ಕೂತವರೂ ಖಾಲಿಯಾದರೆ, ರಜೆಯಲ್ಲಿ ಮನೆಯಲ್ಲಿದ್ದವರನ್ನು ಒಪ್ಪಿಸಿ ಕರೆಸಬೇಕು. ಬರಲೇಬೇಕೆಂಬ ಬಲವಂತ ಅವರಿಗಿಲ್ಲ. ಒಮ್ಮೆ ಇಲ್ಲ ಅಂದವರಿಗೆ ಆ ದಿನ ಮತ್ತೆ ಫೋನ್ ಮಾಡುವಂತಿಲ್ಲ, ಅದು ಡೆಸ್ಕಿನ ನಿಯಮ. ಹಾಗಾಗಿ ಇದ್ದದ್ದು ಒಂದು ಫೋನು ಮತ್ತು ಅವಳ ನಾಲಿಗೆ.

ಆ ನಾಲಿಗೆಗೆ ಮಣಿಯದವರು ಕಡಿಮೆ. ಒಬ್ಬರ ಹತ್ತಿರ ಮಗಳ ಪರೀಕ್ಷೆಯ ವಿಚಾರ ಎತ್ತುತ್ತಿದ್ದಳು, ಇನ್ನೊಬ್ಬರನ್ನು "ಅಣ್ಣಾ, ನೀವೇ ಕೈ ಬಿಟ್ರೆ ಹೇಗೆ" ಎಂದು ಕರಗಿಸುತ್ತಿದ್ದಳು. ಬೆಣ್ಣೆ ಹಚ್ಚುವುದರಲ್ಲಿ ಇವಳನ್ನು ಮೀರಿಸುವವರಿಲ್ಲ ಎಂದು ಪೈಲಟ್‌ಗಳೇ ಅವಳಿಗೆ ಬೆಣ್ಣೆ ಮೇಡಂ ಎಂದು ಹೆಸರಿಟ್ಟಿದ್ದರು. ಕೆಲವರು ಫೋನೇ ಎತ್ತುತ್ತಿರಲಿಲ್ಲ, ಅವರನ್ನು ಅವಳು ಎಂದೋ ಕ್ಷಮಿಸಿಬಿಟ್ಟಿದ್ದಳು. ಆದರೆ ಇವನು? ಮೊದಲ ರಿಂಗಿಗೇ ಎತ್ತುತ್ತಿದ್ದ. ಎತ್ತಿ, ಅವಮಾನ ಮಾಡಿ, ಇಡುತ್ತಿದ್ದ. ಅವನ ಹೆಸರು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಮನೆಗೆ ಹೋದರೆ ಅಲ್ಲಿ ಬೇರೆಯೇ ಸಂಕಟ.

ಅವಳ ತಂಗಿಯೂ ಪೈಲಟ್. ಲೈಸೆನ್ಸ್ ಇತ್ತು, ಕೆಲಸ ಇರಲಿಲ್ಲ. ಅಕ್ಕನ ಕಂಪನಿಗೆ ಅರ್ಜಿ ಹಾಕಿ ಕಾಯುತ್ತ, ಹೊಟ್ಟೆಪಾಡಿಗೆಂದು ಒಂದು ಜಿಮ್ಮಿನ ರಿಸೆಪ್ಷನ್ನಿನಲ್ಲಿ ಕೂರುತ್ತಿದ್ದಳು. ಮಲಗುವ ಕೋಣೆಯ ಬಾಗಿಲಿಗೆ ಕಾಕ್‌ಪಿಟ್ಟಿನ ದೊಡ್ಡ ಪೋಸ್ಟರ್ ಅಂಟಿಸಿದ್ದಳು. ಸಂಜೆ ಬಂದವಳೇ ಅದರ ಮುಂದೆ ಕುರ್ಚಿ ಹಾಕಿಕೊಂಡು, ಪೋಸ್ಟರಿನ ಸ್ವಿಚ್ಚುಗಳನ್ನು ಒಂದೊಂದಾಗಿ ಮುಟ್ಟಿ ಅಭ್ಯಾಸ ಮಾಡುತ್ತಿದ್ದಳು. ಬೆರಳು ತಾಗಿ ತಾಗಿ ಕೆಲವು ಸ್ವಿಚ್ಚು ಅಳಿಸಿಹೋಗಿದ್ದವು.

"ಅಕ್ಕಾ, ಏನಾದ್ರೂ ಸುದ್ದಿ?" ಎಂದು ಅಂದು ಕೇಳಿದಳು.

"ಸದ್ಯಕ್ಕೆ ತಗೋತಿಲ್ವಂತೆ ಕಣೇ. ಇರೋರೇ ಸಾಕು ಅಂತಾರೆ ನಮ್ಮ ಬಾಸು."

"ಸಾಕಾ? ನೀನು ದಿನಾ ಪೈಲಟ್ ಇಲ್ಲ ಅಂತ ತಲೆ ಚಚ್ಕೋತೀಯಲ್ಲ!" ತಂಗಿ ಕುರ್ಚಿ ತಳ್ಳಿ ಎದ್ದಳು. "ಹೀಗೇ ಆದ್ರೆ ಕೈಗೆ ಬಂದಿದ್ದೂ ಮರೆತುಹೋಗುತ್ತೆ. ಆಮೇಲೆ ಯಾರು ಕರೀತಾರೆ ನನ್ನ?"

ಅಮ್ಮ ಅಡುಗೆಮನೆಯಿಂದ "ಇಬ್ರೂ ಊಟಕ್ಕೆ ಬನ್ರೇ" ಎಂದರು. ತಂಗಿ ಹಸಿವಿಲ್ಲ ಎಂದಳು. ಈಚೆಗೆ ಅವಳಿಗೆ ಹಸಿವಾಗುವುದೇ ಕಡಿಮೆಯಾಗಿತ್ತು, ಅದನ್ನು ನೋಡಿ ಅಕ್ಕನೂ ಅರ್ಧಕ್ಕೇ ತಟ್ಟೆ ಬಿಟ್ಟು ಎದ್ದಳು.

ಮರುದಿನ ಆಗಲ್ಲ ಕ್ಯಾಪ್ಟನ್ನೇ ಡೆಸ್ಕಿನ ಮುಂದೆ ಬಂದು ನಿಂತ. ಡ್ಯೂಟಿ ಶುರುವಾಗುವ ಮುಂಚೆ ಸಹಿ ಹಾಕಬೇಕಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಗದ್ದದಲ್ಲಿ ಶೇವ್ ಮಾಡುವಾಗ ಆದ ಸಣ್ಣ ಗಾಯ. ಅದು ತನ್ನ ಕಣ್ಣಿಗೆ ಯಾಕೆ ಬಿತ್ತು ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ನಮಸ್ಕಾರ ತಲುಪಿಸಿದೆ," ಎಂದ. "ಯಾರಪ್ಪ ಅಷ್ಟು ಸಂಸ್ಕಾರವಂತೆ ಹುಡುಗಿ ಅಂದ್ರು ನಮ್ಮಮ್ಮ."

"ನಿಮ್ಮ ಸಂಸ್ಕಾರ ಎಲ್ಲಿ ಕಳೆದುಹೋಯ್ತು ಅಂತ ಕೇಳ್ಬೇಕಿತ್ತು. ನಿನ್ನೆ ನೀವು ಬರಲ್ಲ ಅಂದಿದ್ದಕ್ಕೆ ಕೈಗೂಸಿನ ಅಪ್ಪ ಒಬ್ಬರು ರಜೆ ಬಿಟ್ಟು ಬಂದ್ರು. ನಾಚಿಕೆ ಆಗಲ್ವಾ?"

"ಅವರನ್ನ ಕರೆಸಿದ್ದು ನೀವು. ನಾಚಿಕೆ ನನಗ್ಯಾಕೆ?" ಅವನು ಪೆನ್ನನ್ನು ಮೇಜಿನ ಮೇಲಿಟ್ಟ. ಒಂದು ಹುಬ್ಬು ಮೇಲೇರಿತು, ಕಣ್ಣು ಅವಳ ಮುಖ ಬಿಟ್ಟು ಕದಲಲಿಲ್ಲ. "ಮೇಡಂ, ನೀವು ಎಲ್ಲರನ್ನೂ ಒಪ್ಪಿಸ್ತೀರಿ, ಫ್ಲೈಟ್ ಹೊರಡುತ್ತೆ. ಮೇಲೆ ಕೂತವರಿಗೆ ಎಲ್ಲಾ ಚೆನ್ನಾಗಿ ನಡೀತಿದೆ ಅಂತ ಕಾಣುತ್ತೆ. ಆಮೇಲೆ ಅವರು ಹೊಸಬರನ್ನ ಯಾಕ್ರೀ ತಗೋತಾರೆ? ಹೊರಗೆ ಲೈಸೆನ್ಸ್ ಇಟ್ಕೊಂಡು ಕಾಯ್ತಿರೋರ ಬಾಗಿಲಿಗೆ ಅಡ್ಡ ನಿಂತಿರೋದು ನಾನಲ್ಲ, ನೀವು."

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. "ನಿಮಗೇನ್ರೀ ಗೊತ್ತು ಕಾಯೋರ ಕಷ್ಟ?"

"ಗೊತ್ತು. ಲೈಸೆನ್ಸ್ ಜೇಬಲ್ಲಿಟ್ಕೊಂಡು ಮೂರು ವರ್ಷ ಚಪ್ಪಲಿ ಅಂಗಡೀಲಿ ಗಿರಾಕಿಗಳ ಕಾಲು ಹಿಡಿದಿದೀನಿ. ಆಗ ರಜೆ ದಿನ ಬಂದು ಹಾರಿಸ್ತಿದ್ದ ಒಬ್ಬೊಬ್ಬ ಕ್ಯಾಪ್ಟನ್ನಿಗೂ ಹಿಡಿಶಾಪ ಹಾಕ್ತಿದ್ದೆ. ನಾನೂ ಅಂಥವನೇ ಆಗೋದು ಬೇಡ ಅಂತ, ಅಷ್ಟೇ."

ಅವನು ಬ್ಯಾಗು ಎಳೆದುಕೊಂಡು ಹೊರಟುಹೋದ.

ಹೊಸಬರಿಗೆ ತಾನು ಅಡ್ಡ ಎಂಬುದು ಸುಳ್ಳಿರಬೇಕು ಎಂದುಕೊಂಡಳು ಅವಳು. ಅವನ ಮೇಲಿನ ಸಿಟ್ಟಿಗಾದರೂ ಅದು ಸುಳ್ಳಾಗಬೇಕಿತ್ತು. ನೇರ ಬಾಸಿನ ಕೋಣೆಗೆ ಹೋಗಿ, ಸಾರ್, ಹೊಸ ಪೈಲಟ್‌ಗಳನ್ನ ಯಾವಾಗ ತಗೋತೀರಿ ಎಂದು ಕೇಳಿದಳು.

ಬಾಸು ಕುರ್ಚಿಯಲ್ಲಿ ಹಿಂದಕ್ಕೊರಗಿ ನಕ್ಕರು. "ನೀವಿರೋವಾಗ ಹೊಸಬರು ಯಾಕಮ್ಮ? ಈ ವರ್ಷ ಪೈಲಟ್ ಇಲ್ಲ ಅಂತ ಒಂದು ಫ್ಲೈಟಾದ್ರೂ ನಿಂತಿದೆಯಾ? ನಾನು ಮೀಟಿಂಗಲ್ಲಿ ಎಲ್ಲರಿಗೂ ಹೇಳ್ತೀನಿ, ನಮ್ಮ ಬೆಣ್ಣೆ ಮೇಡಂ ಒಬ್ರಿದ್ರೆ ಸಾಕು ಅಂತ."

ಹೊಗಳಿಕೆ ಕೇಳಿ ಅವಳು ಕೋಣೆಯಿಂದ ಹೊರಬಂದಳು. ಬಾಗಿಲಿಗಂಟಿದ ಆ ಪೋಸ್ಟರು, ಅಳಿಸಿಹೋದ ಸ್ವಿಚ್ಚುಗಳು ಕಣ್ಣೆದುರು ಬಂದವು. ತಂಗಿಯನ್ನು ಅದರ ಮುಂದೆ ಕಟ್ಟಿಹಾಕಿ ಕೂರಿಸಿದ್ದು ತಾನೇ. ಅದೂ "ಅಣ್ಣಾ, ಅಣ್ಣಾ" ಎಂದು ಸಿಹಿಯಾಗಿ ಮಾತಾಡಿಕೊಂಡು.

ಮುಂದಿನ ಸೋಮವಾರ ಇಬ್ಬರು ಪೈಲಟ್‌ಗಳಿಗೆ ಹುಷಾರಿಲ್ಲ ಎಂದು ಸುದ್ದಿ ಬಂತು. ಸ್ಟ್ಯಾಂಡ್‌ಬೈಯವರನ್ನು ಕಳಿಸಿದಳು. ಇನ್ನೊಬ್ಬರಿಗೆ ಬೆನ್ನು ಹಿಡಿಯಿತು. ಕಳಿಸಲು ಯಾರೂ ಉಳಿದಿರಲಿಲ್ಲ. ಅವಳು ಫೋನಿನ ಪಕ್ಕ ಕೈ ಕಟ್ಟಿ ಕೂತಳು.

"ಏನಮ್ಮ, ಫೋನ್ ಮಾಡಲ್ವಾ?" ಎಂದರು ಹಿರಿಯರು.

"ಇಲ್ಲ. ರಜೆಯವರು ರಜೇಲಿರ್ಲಿ."

ಮಧ್ಯಾಹ್ನದ ಫ್ಲೈಟು ರದ್ದಾಯಿತು. ಕೆಳಗಿನ ಹಾಲಿನಲ್ಲಿ ಎದ್ದ ಕೂಗಾಟ ಮೇಲಿನವರೆಗೂ ಕೇಳುತ್ತಿತ್ತು. ಯಾರೋ ಒಬ್ಬಾಕೆ ಮಗನ ನಿಶ್ಚಿತಾರ್ಥ ತಪ್ಪಿಹೋಗುತ್ತೆ ಎಂದು ಅಳುತ್ತಿದ್ದರು. ಆ ಅಳು ಅವಳನ್ನು ಚುಚ್ಚಿತು. ಬಾಸು ಕೆಂಡವಾಗಿ ಬಂದು ಮೇಜು ಗುದ್ದಿದರು. "ಯಾರಿಗೂ ಫೋನ್ ಮಾಡಿಲ್ವಂತೆ? ತಲೆ ಕೆಟ್ಟಿದೆಯಾ?"

"ರಜೆಯವರಿಗೆ ಮಾಡಲೇಬೇಕು ಅಂತ ನಿಯಮ ಇಲ್ಲ ಸಾರ್. ಇರೋರು ಸಾಕು ಅಂದ್ರಲ್ಲ ನೀವು. ಇರೋರು ಇಷ್ಟೇ."

ಬಾಸು ಬಾಯಿಗೆ ಬಂದಂತೆ ಬೈದು ಹೋದರು. ಅವರ ಬೆನ್ನಿಗೇ ಡೆಸ್ಕಿನ ಫೋನು ಹೊಡೆದುಕೊಂಡಿತು.

"ಇವತ್ತು ನನಗೆ ರಜೆ," ಎಂದಿತು ಆ ದನಿ.

"ಗೊತ್ತು. ಆ ರೋಸ್ಟರ್ ಮಾಡಿದ್ದು ನಾನೇ."

"ಫ್ಲೈಟ್ ರದ್ದಾಯ್ತಂತೆ. ನನಗೆ ಫೋನ್ ಬರ್ಲಿಲ್ಲ."

"ಬಂದಿದ್ರೆ ಏನ್ ಕಡಿದು ಕಟ್ಟೆ ಹಾಕ್ತಿದ್ರಿ? ಆಗಲ್ಲ ಅಂತಿದ್ರಿ."

"ಅನ್ನೋಕಾದ್ರೂ ಮಾಡ್ಬೇಕಿತ್ತು!" ಅವನ ದನಿಯಲ್ಲಿ ನಿಜವಾದ ಸಿಟ್ಟಿತ್ತು. "ಬೆಳಗ್ಗೆಯಿಂದ ಫೋನು ಕೈಯಲ್ಲೇ ಹಿಡ್ಕೊಂಡು ಕೂತಿದೀನಿ. ಸ್ನಾನಕ್ಕೂ ಹೋಗಿಲ್ಲ."

"ಹೋಗಿ ಸ್ನಾನ ಮಾಡಿ!" ಎಂದು ಅವಳು ರಿಸೀವರನ್ನು ಕುಕ್ಕಿದಳು.

ಹಿರಿಯರಿಗೆ ನಗು ತಡೆಯಲಾಗಲಿಲ್ಲ. "ಎಂಥ ಪೆದ್ದಿ ತಾಯಿ ನೀನು! ಈ ಡೆಸ್ಕಲ್ಲಿ ಕೂತು ನನ್ನ ಕೂದಲು ಉದುರಿಹೋಯ್ತು. ಬರಲ್ಲ ಅನ್ನೋ ಪೈಲಟ್ಟು ಏನು ಮಾಡ್ತಾನೆ ಹೇಳು?"

"ಫೋನ್ ಎತ್ತಲ್ಲ."

"ಇವನು?"

ರಜೆಯ ದಿನ ಫೋನ್ ಎತ್ತುವ ಹಂಗು ಯಾವ ಪೈಲಟ್ಟಿಗೂ ಇಲ್ಲ. ಬರಲು ಮನಸ್ಸಿದ್ದವನು ಎತ್ತುತ್ತಾನೆ. ಇವನು ಬಂದವನೂ ಅಲ್ಲ, ಎತ್ತದೆ ಬಿಟ್ಟವನೂ ಅಲ್ಲ. ಎರಡು ವರ್ಷದಿಂದ, ಪ್ರತಿ ರಜೆಯಲ್ಲೂ, ಮೊದಲ ರಿಂಗಿಗೇ. ಪೈಲಟ್‌ಗಳ ನಾಡಿ ಹಿಡಿದು ಹೇಳುತ್ತೇನೆ ಎಂದು ಮೆರೆಯುತ್ತಿದ್ದವಳಿಗೆ ಇದು ಕಂಡಿರಲಿಲ್ಲ. ಅವಳು ಕಿವಿಯವರೆಗೂ ಕೆಂಪಾದಳು, ಮೊದಲಿಗಿಂತ ಹೆಚ್ಚು ಸಿಟ್ಟು ಬಂತು. ಇಷ್ಟವಿದ್ದರೆ ಮನುಷ್ಯನಂತೆ ಹೇಳಲು ಏನು ಧಾಡಿ ಅವನಿಗೆ?

ಆ ವಾರ ಇನ್ನೂ ಮೂರು ಫ್ಲೈಟು ನಿಂತವು. ಬಾಸಿನ ಮೇಲಿನವರು ಬಾಸಿಗೆ ಬೈದರು, ಬಾಸು ಅವಳನ್ನು ಡೆಸ್ಕಿನಿಂದ ಕಿತ್ತು ಕೆಳಗೆ ಲಗೇಜು ಕಳೆದುಕೊಂಡವರ ಕೌಂಟರಿಗೆ ಹಾಕಿದರು. ಅಲ್ಲಿ ಬರುವವರೆಲ್ಲ ಬೈಯಲೆಂದೇ ಬರುವವರು. ಅವಳ ಜಾಗಕ್ಕೆ ಬಂದವನ ಮಾತಿಗೆ ಯಾವ ಪೈಲಟ್ಟೂ ಒಪ್ಪಲಿಲ್ಲ. ತಿಂಗಳು ಕಳೆಯುವುದರೊಳಗೆ ಹೊಸ ಪೈಲಟ್‌ಗಳು ಬೇಕಾಗಿದ್ದಾರೆ ಎಂದು ಕಂಪನಿ ಸಾರಬೇಕಾಯಿತು.

ತಂಗಿಗೆ ಪರೀಕ್ಷೆಗೆ ಕರೆ ಬಂತು. ಆಯ್ಕೆಯೂ ಆಯಿತು. ಅಂದು ಸಂಜೆ ಅವಳು ಮೂರು ಸಲ ಬಡಿಸಿಕೊಂಡು ಉಂಡಳು. ಉಂಡು, "ಅಕ್ಕಾ, ನಿನ್ನನ್ನ ಕೆಳಗೆ ಹಾಕಿದ್ದು ನನ್ನಿಂದಾನಾ?" ಎಂದಳು. "ನನ್ನ ಬಾಯಿಂದ," ಎಂದು ಅಕ್ಕ ಅವಳ ತಲೆಗೆ ಮೊಟಕಿದಳು.

ಮರುದಿನ ಆಗಲ್ಲ ಕ್ಯಾಪ್ಟನ್ನಿನ ರಜೆ. ಡೆಸ್ಕು ಬಿಟ್ಟರೂ ಅವನ ರಜೆಗಳನ್ನು ಅವಳು ಬಿಟ್ಟಿರಲಿಲ್ಲ. ಕೌಂಟರಿನ ಮುಂದೆ ದಪ್ಪ ಮೀಸೆಯವರೊಬ್ಬರು ಸೂಟ್‌ಕೇಸಿಗಾಗಿ ಕೂಗಾಡುತ್ತಿದ್ದರು. ಒಂದು ನಿಮಿಷ ಸಾರ್ ಎಂದು, ಅವಳು ತನ್ನ ಮೊಬೈಲಿನಿಂದ ಫೋನ್ ಮಾಡಿದಳು. ಮೊದಲ ರಿಂಗಿಗೇ ಎತ್ತಿದ.

"ಹಲೋ, ನಾನು..."

"ಆಗಲ್ಲ," ಎಂದು ಇಟ್ಟುಬಿಟ್ಟ.

ಅವಳು ಫೋನನ್ನು ದುರುಗುಟ್ಟಿ ನೋಡಿದಳು. ಕೂಡಲೇ ಅದು ಹೊಡೆದುಕೊಂಡಿತು.

"ಅಯ್ಯೋ, ಇಡಬೇಡಿ! ಬಾಯಿಗೆ ಅಭ್ಯಾಸ ಆಗಿಹೋಗಿದೆ. ನಿಮ್ಮ ದನಿ ಕೇಳಿದ್ರೆ ತಾನಾಗೇ ಬಂದ್ಬಿಡುತ್ತೆ. ಏನು ಕೇಳೋಕೆ ಮಾಡಿದ್ರಿ?"

"ಸಂಜೆ ನನ್ನ ಜೊತೆ ಕಾಫಿಗೆ ಬರ್ತೀರಾ ಅಂತ ಕೇಳೋಣ ಅಂತಿದ್ದೆ. ಉತ್ತರ ಸಿಕ್ತಲ್ಲ. ಇಲ್ಲ ಅಂದವರನ್ನ ಆ ದಿನ ಮತ್ತೆ ಕೇಳೋ ಹಾಗಿಲ್ಲ, ನಮ್ಮ ನಿಯಮ."

"ನೀವೀಗ ಆ ಡೆಸ್ಕಲ್ಲೇ ಇಲ್ಲ!"

"ನಿಯಮ ನಿಯಮಾನೇ." ಅವಳ ದನಿಯಲ್ಲಿ ಖಾರ ಇಳಿದಿರಲಿಲ್ಲ. "ಎರಡು ವರ್ಷ ನನ್ನ ಹೊಟ್ಟೆ ಉರಿಸಿದ್ದೀರಿ. ಯಾಕೆ ಎತ್ತುತ್ತಿದ್ರಿ ಫೋನು?"

"ನೀವು ಬೇರೆಯವರ ಜೊತೆ ಬೆಣ್ಣೆ ಹಚ್ಚಿದ ದನೀಲಿ ಮಾತಾಡ್ತೀರಿ," ಎಂದ ನಿಧಾನವಾಗಿ. "ನನ್ನ ಜೊತೆ ಮಾತ್ರ ಸಿಟ್ಟು ಮಾಡ್ಕೋತೀರಿ. ಆ ಸಿಟ್ಟು ನನ್ನೊಬ್ಬನಿಗೇ ಸಿಗ್ತಿತ್ತು. ಬರ್ತೀನಿ ಅಂದಿದ್ರೆ ನಂಗೂ ಬೆಣ್ಣೇನೇ ಸಿಗೋದು. ನನಗೆ ನೀವು ಬೇಕಿತ್ತು ಕಣ್ರೀ. ಹೇಳೋಕೆ ಬರ್ಲಿಲ್ಲ."

ಅವಳ ಕಣ್ಣು ತುಂಬಿತು. ಮೀಸೆಯವರು ಕೌಂಟರು ಕುಟ್ಟುತ್ತಿದ್ದರು.

"ಒಂದು ಪ್ರಶ್ನೆ," ಎಂದ ಅವನು. "ರಜೇಲಿರೋ ಪೈಲಟ್ಟು ತಾನಾಗೇ ಫೋನ್ ಮಾಡಿ, ಬರ್ತೀನಿ ಅಂದ್ರೆ ನಿಮ್ಮ ನಿಯಮದಲ್ಲಿ ಏನಿದೆ?"

ಅವಳು ಯೋಚಿಸಿದಳು. ಅಷ್ಟು ವರ್ಷದ ನೌಕರಿಯಲ್ಲಿ ಅಂಥದ್ದೊಂದು ನಡೆದೇ ಇರಲಿಲ್ಲ.

"ಅದಕ್ಕೆ ನಿಯಮ ಇಲ್ಲ."

"ಹಾಗಾದ್ರೆ ಬರ್ತೀನಿ. ಈಗಲೇ ಹೊರಟೆ."

"ಮೊದಲು ಸ್ನಾನ ಮಾಡಿ," ಎಂದು ಅವಳು ಫೋನಿಟ್ಟಳು.

"ಏನಮ್ಮಾ!" ಮೀಸೆಯವರು ಗುಡುಗಿದರು. "ನನ್ನ ಸೂಟ್‌ಕೇಸು ಎಲ್ಲಿ ಹಾಳಾಗಿಹೋಯ್ತೋ ಅಂತ ನಾನಿಲ್ಲಿ ಬಾಯಿ ಬಡ್ಕೋತಿದೀನಿ, ನಿಮಗೆ ನಗುವಾ?"

"ಇಲ್ಲ ಸಾರ್, ತಪ್ಪಾಯ್ತು ಸಾರ್," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. ಎಷ್ಟು ತುಟಿ ಕಚ್ಚಿ ಹಿಡಿದರೂ ನಗು ನಿಲ್ಲಲಿಲ್ಲ.