ಬಂದರಿನ ಮುನ್ನೂರು ಜನ

"ಕೈ ಭಾಳ ಛಲೋ ಐತಿ, ಲಿಂಗರಾಜ್. ಆದ್ರ ಇದ್ರಾಗ ನಿಮ್ಮದು ಅನ್ನೂದು ಏನೈತಿ?"

ಫಹಮಿದಾ ಡಾಕ್ಟರ ಆ ಒಂದು ಪ್ರಶ್ನೆ ಲಿಂಗರಾಜನನ್ನು ಎರಡು ವರ್ಷ ಕೊರೆಯಿತು. ಹುಬ್ಬಳ್ಳಿಯಲ್ಲಿ ಓದಿ ಸಮುದ್ರದಾಚೆಯ ಟೌರಂಗಾದಲ್ಲಿ ನಿವೃತ್ತರಾದ ಆಕೆ ಅಲ್ಲಿನ ಕಲಾ ಪ್ರದರ್ಶನದ ಆಯ್ಕೆ ಸಮಿತಿಯಲ್ಲಿದ್ದರು. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ ಅವನ ಎಚಿಂಗ್‌ಗಳು ಆ ಸಲವೂ ವಾಪಸು ಬಂದವು. ಧಾರವಾಡದಲ್ಲಿ ಮುದ್ರಣಕಲೆ ಕಲಿತವನು ಅದೇ ದೇಶದ ಈಸ್ಟ್ ತಮಾಕಿಯ ಶೆಡ್ಡಿನಲ್ಲಿ ಬೇರೆಯವರ ಚಿತ್ರಗಳಿಗೆ ಚೌಕಟ್ಟು ಹಾಕುತ್ತಲೇ ಉಳಿದ.

ಡಾಕ್ಟರ ಮನೆಯಲ್ಲಿ ನಾನೂರು ವರ್ಷ ಹಳೆಯ ಡಚ್ ಎಚಿಂಗ್ ಒಂದಿತ್ತು. ಹಡಗು ಬಂದ ದಿನದ ಬಂದರು. ಎರಡು ಅಂಗೈಯಗಲದಲ್ಲಿ ಮುನ್ನೂರು ಜನ. ಅದರ ಜಾಗದಲ್ಲಿ ತಾನು ಮಾಡಿದ ನಕಲನ್ನು ತೂಗುಹಾಕಿ, ಆಕೆಯ ಬಾಯಿಂದಲೇ ಹೊಗಳಿಸಿಕೊಳ್ಳಬೇಕು. ಅಸಲಿ ತನ್ನ ಬೀರುವಿನಲ್ಲಿರಬೇಕು ಎಂದುಕೊಂಡ ಲಿಂಗರಾಜ.

ಡಾಕ್ಟರು ಅದಕ್ಕೆ ಹೊಸ ಚೌಕಟ್ಟು ಬೇಕೆಂದಾಗ ಅಳತೆಗೆಂದು ಹೋಗಿ, ಗಾಜಿನ ಮೇಲಿಂದಲೇ ಇಂಚಿಂಚೂ ಫೋಟೊ ತೆಗೆದ. ಅಚ್ಚಿನಲ್ಲಿ ಚಿತ್ರ ತಿರುಗಿ ಬರುವುದರಿಂದ ಅದನ್ನು ಎಡಬಲ ತಿರುಗಿಸಿ, ಮೇಣ ಬಳಿದ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿದ. ಮೇಣ ಹೋದ ಗೆರೆಗಳಲ್ಲಷ್ಟೇ ಆಸಿಡ್ ತಾಮ್ರವನ್ನು ಕೊರೆಯುತ್ತದೆ. ದೂರದ ಜನರ ಗೆರೆಗಳಿಗೆ ಆಸಿಡ್‌ನಲ್ಲಿ ಎರಡು ನಿಮಿಷ ಸಾಕು. ಹತ್ತಿರದವರಿಗೆ ಇಪ್ಪತ್ತು ಬೇಕು. ಮೊದಲ ತಗಡಿನಲ್ಲಿ ಆಸಿಡ್ ಮುಖಗಳನ್ನೆಲ್ಲ ತಿಂದುಹಾಕಿತು. ಎರಡನೆಯದರಲ್ಲಿ ಮೇಣ ಎದ್ದುಬಂತು. ಮೂರನೆಯದನ್ನು ಸಿಟ್ಟಿನಲ್ಲಿ ಅವನೇ ಗೋಡೆಗೆ ಎಸೆದ. ನಾಲ್ಕನೆಯದು ಕೊನೆಗೂ ಮಾತು ಕೇಳಿತು. ಹರಾಜಿನಲ್ಲಿ ಕೊಂಡ ಹಳೆಯ ಪುಸ್ತಕದ ಖಾಲಿ ಹಾಳೆಯ ಮೇಲೆ ಅಚ್ಚೊತ್ತಿ ಮೂರು ತಿಂಗಳು ಒಣಗಿಸಿದ.

ಚೌಕಟ್ಟಿಗೆಂದು ಅಸಲಿ ಶೆಡ್ಡಿಗೆ ಬಂದ ದಿನ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಯಾವುದು ಯಾವುದೆಂದು ಕ್ಷಣಕಾಲ ಅವನಿಗೇ ತಿಳಿಯಲಿಲ್ಲ.

ಗಾಜು ಹಾಕುವ ಮೊದಲೊಮ್ಮೆ ನೋಡಬೇಕೆಂದು ಡಾಕ್ಟರು ತಾವೇ ಬಂದರು. ಅಸಲಿ ಆಗಲೇ ಬೀರುವಿನಲ್ಲಿತ್ತು; ಲಿಂಗರಾಜ ತನ್ನ ನಕಲನ್ನು ಮೇಜಿನ ಮೇಲಿಟ್ಟ. ಬಾಗಿ, ಬಹಳ ಹೊತ್ತು ನೋಡಿದರು.

"ನೋಡ್ರಿ, ಇಂಥಾ ಕೈ ಇನ್ನೊಂದು ಹುಟ್ಟಂಗಿಲ್ಲ."

"ಖರೇ ರೀ, ಡಾಕ್ಟ್ರೇ," ಎಂದ ಲಿಂಗರಾಜ. ಎದೆ ತುಂಬಿಬಂದಿತ್ತು.

ಡಾಕ್ಟರು ಚೀಲದಿಂದ ಹತ್ತಿ ತೆಗೆದು, ನೀರಲ್ಲಿ ಅದ್ದಿ ಹಿಂಡಿದರು. "ಈ ಮೂಲ್ಯಾಗ ಮೀನ ಮಾರೋ ಮುದುಕಿ ಅದಾಳಲ್ರೀ, ಅಕಿ ಅಸಲಿ ಚಿತ್ರದಾಗ ಇರಲಿಲ್ಲ. ನನ್ನ ಮಗಳು ಕೈನಾತ್ ಹೈಸ್ಕೂಲ್‌ದಾಗಿದ್ದಾಗ ಅಪ್ಪನ ಕೂಡ ಪಂಥಾ ಕಟ್ಟಿ, ಫೌಂಟನ್ ಪೆನ್ನಿಲೆ ಬರದದ್ದು. ಯಾರಿಗೂ ಗೊತ್ತಾಗಂಗಿಲ್ಲ ಅಂದಿದ್ಲು. ಅಚ್ಚಿನ ಮಸಿ ನೀರಿಗೆ ಹೋಗಂಗಿಲ್ಲ, ಆದ್ರ ಈ ಪೆನ್ನಿನ ಶಾಯಿ ಒದ್ದಿ ಬಟ್ಟು ತಾಗಿದ್ರೂ ಹರಡತೈತಿ, ಈಗರ ತಗದುಬಿಡೋಣು," ಎನ್ನುತ್ತ ಮುದುಕಿಯ ಮೇಲೆ ಮೆಲ್ಲಗೆ ಒತ್ತಿದರು. ಮತ್ತೊಮ್ಮೆ ಒತ್ತಿದರು, ಆಮೇಲೆ ಉಜ್ಜಿದರು. ಹತ್ತಿಯನ್ನು ತಿರುಗಿಸಿ ನೋಡಿ, ತಲೆಯೆತ್ತಿ ಲಿಂಗರಾಜನನ್ನು ನೋಡಿದರು. ಹತ್ತಿ ಬೆಳ್ಳಗೇ ಇತ್ತು.