ಹಾರದ ಕೆಳಗಿನ ಸುದ್ದಿ

ಆಸ್ಟ್ರೇಲಿಯಾದ ಜೂಂಡಲಪ್‌ನ ಗರಾಜೊಂದರಲ್ಲಿ ತಯಾರಾಗುವ ಕನ್ನಡ ಮಾಸಪತ್ರಿಕೆಯನ್ನು ಉತ್ತಮ್ ಮೇಜಿನ ಮೇಲೆ ಎಸೆದ.

"ಇದನ್ನ ಪೇಪರ್ ಅಂತೀರಾ? ಕರಿಬೇವು ಕಟ್ಟೋಕೂ ಲಾಯಕ್ಕಿಲ್ಲ."

ಪುಟ ಜೋಡಿಸುತ್ತಿದ್ದ ವೇದಾ ತಲೆ ಎತ್ತಿದಳು. "ಕಟ್ತಾರೆ ರೀ. ಇಂಡಿಯನ್ ಸ್ಟೋರ್‌ನಲ್ಲಿ ನಾನೇ ನೋಡಿದೀನಿ."

ಬೈಯಲು ಬಂದವನಿಗೆ ಅವಳ ಕಣ್ಣಂಚಿನ ನಗು ಅಡ್ಡ ಬಂತು.

ಮುಖಪುಟದಲ್ಲಿ ಎಂದಿನಂತೆ ಹಾರ, ಶಾಲು, ಹಲ್ಲು. ಈ ಸಲದ ಹಲ್ಲು ವೆಲ್ಷ್‌ಪೂಲ್‌ನ ಗೋದಾಮಿನ ಮಾಲೀಕ ರಾಮಚಂದ್ರನದು, ಯುಗಾದಿಯ ಪ್ರಾಯೋಜಕ. ಅವನ ಗೋದಾಮಿನಲ್ಲಿ ಉತ್ತಮನ ಜೊತೆ ದುಡಿಯುವ ವಿದ್ಯಾರ್ಥಿ ದಿನೇಶನ ಎರಡು ಬೆರಳು ಯಂತ್ರಕ್ಕೆ ಹೋಗಿದ್ದವು. "ಬೆರಳು ಮನೆ ಬಾಗಿಲಿಗೆ ಸಿಕ್ತು ಅಂತ ಆಸ್ಪತ್ರೇಲಿ ಹೇಳು, ವೀಸಾ ನೆನಪಿರಲಿ" ಎಂದಿದ್ದ ಧಣಿ. ಯಂತ್ರ ಇನ್ನೂ ಓಡುತ್ತಿತ್ತು. ಉತ್ತಮ್ ಬರೆದ ವರದಿ ಅಚ್ಚಾಗಿರಲಿಲ್ಲ.

"ಗಣಪತಿ ಅಂಕಲ್ ಬೇಡ ಅಂದ್ರು. ನೆಗೆಟಿವ್ ನ್ಯೂಸ್ ಅಂತೆ," ಎಂದಳು ವೇದಾ.

"ಅಂಕಲ್ ಸಂಪಾದಕರು, ಅಂದ್ರು. ತೆಗೆದವರು ನೀವು."

ಅವಳ ನಗು ಆರಿತು. ಅದನ್ನು ಆರಿಸಿದ್ದಕ್ಕೆ ಅವನಿಗೇ ಸಂಕಟವಾಯಿತು. ಆದರೂ ತಿರುಗಿ ನೋಡದೆ ಹೊರಟ.

ವೇದಾ ದಿನೇಶನ ರೂಮು ಹುಡುಕಿಕೊಂಡು ಹೋದಳು. "ನನ್ನ ಹೆಸರು ಹಾಕಿ ಅಕ್ಕಾ" ಎಂದ ಅವನು.

ಮುಂದಿನ ತಿಂಗಳ ಮುಖಪುಟಕ್ಕೂ ಅದೇ ರಾಮಚಂದ್ರ, ಈಗ 'ಸಮಾಜರತ್ನ'. ಗಣಪತಿ ತಮ್ಮ ಪತ್ರಿಕೆಯನ್ನು ಎಂದೂ ಓದಿದವರಲ್ಲ. ಯಾರ ಹೆಂಡತಿ ಫೋಟೊದಲ್ಲಿ ಮುಂದೆ ನಿಂತಿದ್ದಾಳೆ ಎಂದಷ್ಟೇ ನೋಡುವವರು. ಹೊಗಳಿಕೆ ಇರಬೇಕಾದ ಜಾಗದಲ್ಲಿ ವೇದಾ ಉತ್ತಮ್ ಬರೆದ ದಿನೇಶನ ಸುದ್ದಿ ಕೂರಿಸಿದಳು.

"ಫೋಟೊ ಇನ್ನೂ ದೊಡ್ಡದು ಮಾಡಮ್ಮ... ಹಾಂ, ಸೂಪರ್! ಪ್ರೆಸ್‌ಗೆ ಕಳಿಸು," ಎಂದರು ಗಣಪತಿ.

ರಾಮಚಂದ್ರನೇ ಆ ಪುಟವನ್ನು ಬ್ರಿಸ್ಬೇನ್, ಅಡಿಲೇಡ್‌ನ ವಾಟ್ಸಾಪ್ ಗುಂಪುಗಳಿಗೆಲ್ಲ ಹಂಚಿದ. ಕೈಮುಗಿಯುವ ಚಿತ್ರಗಳು ಸುರಿದವು. ಅಡಿಲೇಡ್‌ನ ಯಾರೋ ಒಬ್ಬ ಹುಡುಗಿ ಓದಿ ಹೇಳುವವರೆಗೆ ಆ ಗಣ್ಯರಲ್ಲಿ ಒಬ್ಬರಿಗೂ ಅಕ್ಷರ ಕಂಡಿರಲಿಲ್ಲ.

ಕಾರ್ಮಿಕ ಸುರಕ್ಷತೆಯ ತನಿಖೆಯವರು ಬಂದು ಯಂತ್ರ ನಿಲ್ಲಿಸಿದರು. ರಾಮಚಂದ್ರ ಉತ್ತಮನನ್ನು ಕೆಲಸದಿಂದ ಓಡಿಸಿದ, ಗಣಪತಿ ವೇದಾಳನ್ನು.

ವೆಲ್ಷ್‌ಪೂಲ್‌ನ ಬಸ್ ಸ್ಟಾಪಿನಲ್ಲಿ ವೇದಾ ಉತ್ತಮನ ಪಕ್ಕ ಬಂದು ಕೂತಳು. ಓಡಿ ಬಂದಿದ್ದಳು, ಉಸಿರಿಗೆ ಕಿವಿಯ ಜುಮಕಿ ಅಲುಗುತ್ತಿತ್ತು. ಅವನು ಅದನ್ನೇ ನೋಡಿದ.

"ಏನು ನೋಡ್ತೀಯ?"

"ಅವತ್ತು ನೋಡದೆ ಹೋಗಿದ್ದನ್ನ."

"ಮಾತು ಮಾತ್ರ ಜೋರು. ಆವತ್ತಿಂದ ನಿದ್ದೆ ಕೆಡಿಸಿದೀಯ ಕಣೋ. ಮೊದ್ಲು ಸಿಟ್ಟಿಗೆ. ಆಮೇಲೆ... ಸಿಟ್ಟಿಗಲ್ಲ."

"ಕೆಲಸ ಇಲ್ಲ, ಇಲ್ಲೇ ನೆಲೆಸೋಕೆ ಪಿಆರ್ ಇಲ್ಲ. ನಿಮ್ಮಪ್ಪ ನನ್ನನ್ನ ಮನೆ ಒಳಗೆ ಬಿಡ್ತಾರಾ?"

"ಬಿಡಲ್ಲ," ಎಂದಳು ವೇದಾ, ಅವನ ಭುಜಕ್ಕೆ ತಲೆಯಿಟ್ಟು. "ನಾನೇ ಹೊರಗೆ ಬಂದ್ಬಿಟ್ಟೆ."